ಪುನರುಜ್ಜೀವನ 1453ಕ್ಕೂ ಮೊದಲೇ ಶುರುವಾಗಿತ್ತು
1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿದ್ದ ಮೇಲೆ ಗ್ರೀಕ್ ಪಂಡಿತರು ಇಟಲಿಗೆ ಬಂದರು, ಅದರಿಂದಲೇ ಯುರೋಪಿನ ಪುನರುಜ್ಜೀವನ (ರೆನೈಸಾನ್ಸ್) ಶುರುವಾಯಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಶಾಲೆಯಲ್ಲಿ ನಮಗೂ ಇದನ್ನೇ ಹೇಳಿಕೊಟ್ಟಿದ್ದರು. ಆದರೆ ಇಟಲಿಯ ಕವಿ ಪೆಟ್ರಾರ್ಕ್‌ಗೆ ವೆರೋನಾದಲ್ಲಿ ಪ್ರಾಚೀನ ರೋಮಿನ ವಾಗ್ಮಿ ಸಿಸೆರೋ ಬರೆದ ಪತ್ರಗಳು ಸಿಕ್ಕಿದ್ದು 1345ರಲ್ಲಿ, ಗ್ರೀಕ್ ಪಂಡಿತ ಕ್ರಿಸೊಲೊರಾಸ್ ಫ್ಲಾರೆನ್ಸಿಗೆ ಬಂದು ಗ್ರೀಕ್ ಪಾಠ ಶುರು ಮಾಡಿದ್ದು 1397ರಲ್ಲಿ, ಅಲ್ವಾ? ನನಗೆ ಜಾಸ್ತಿ ಇಷ್ಟ ಹಳೇ ಪ್ರತಿ ಹುಡುಕುತ್ತಿದ್ದ ಇಟಲಿಯ ಪೊಜ್ಜೊ. 1416ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗೋಪುರದ ತಳದಲ್ಲಿ, ಕತ್ತಲ ಕೋಣೆಯೊಳಗೆ, ಧೂಳು ಬೂಷ್ಟು ಹಿಡಿದು ಬಿದ್ದಿದ್ದ, ಪ್ರಾಚೀನ ರೋಮಿನ ಭಾಷಣಕಲೆಯ ಗುರು ಕ್ವಿಂಟಿಲಿಯನ್‌ನ ಪೂರ್ತಿ ಗ್ರಂಥ ಹುಡುಕಿ, ತಾನೇ ಕೂತು ಕೈಯಾರೆ ನಕಲು ಮಾಡಿಕೊಂಡ. ಬ್ರುನೆಲೆಸ್ಕಿ ಫ್ಲಾರೆನ್ಸಿನ ದೊಡ್ಡ ಚರ್ಚಿಗೆ ಕಟ್ಟಿದ ಗುಮ್ಮಟ ಕೂಡ 1436ಕ್ಕೇ ಮುಗಿದಿತ್ತು. 1453ರ ನಂತರ ಬಂದವರಿಂದ ಗ್ರೀಕ್ ಓದು ಇನ್ನಷ್ಟು ಬೆಳೆಯಿತು, ಅದು ನಿಜ. ಅವರಿಗಿಂತ ಎಷ್ಟೋ ಮೊದಲೇ ಹಳೇ ಪ್ರತಿ ಹುಡುಕಿಕೊಂಡು ಅಲೆದವರ ಹೆಸರನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ.