ಬಾಲ ಇಲ್ಲದ ವಿಮಾನ, ಮೀಸೆ ಇರೋ ರೆಕ್ಕೆ

ರಿಮೋಟಿನಲ್ಲಿ ಹಾರೋ ಫ್ಲೈಯಿಂಗ್ ವಿಂಗ್, ಅಂದರೆ ಬರೀ ರೆಕ್ಕೆಯಷ್ಟೇ ಇರೋ ಆಟಿಕೆ ವಿಮಾನ, ಕಟ್ಟೋರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ಬಾಲ ಎಲ್ಲಿ? ಪುಣೆಯ ಕೋಥ್ರೂಡ್‌ನ ನಮ್ಮ ಸೊಸೈಟಿಯಲ್ಲಿ ಲಿಫ್ಟ್ ಬರೋದರೊಳಗೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಇದನ್ನು ಕೇಳಿಸಿಕೊಂಡಾಗಿರುತ್ತೆ. ಮೇಲಿನ ಮನೆಯ ಧಾರವಾಡದ ಕಾಕಾ ಅಂತೂ ಕನ್ನಡಕ ಏರಿಸಿ, "ಇದರ ಬಾಲ ಎಲ್ಲದನೋ ತಮ್ಮಾ?" ಅಂದರು.

ಬಾಲ ಇಲ್ಲ ಕಾಕಾ, ಅದಕ್ಕೇ ರೆಕ್ಕೆಯ ಎರಡೂ ತುದಿಗೆ ಫಿನ್, ಅಂದರೆ ಮೀನಿನ ಈಜುರೆಕ್ಕೆಯಂಥ ಚಿಕ್ಕ ಹಲಗೆ, ಬೇಕು. ರೆಕ್ಕೆ ಹಿಂದಕ್ಕೆ ಓರೆಯಾಗಿರೋದರಿಂದ ತುದಿಗಳು ತೂಕದ ಕೇಂದ್ರಕ್ಕಿಂತ ಹಿಂದೆ ಬರುತ್ತವೆ, ಹಾಗಾಗಿ ಅಲ್ಲಿ ಕೂತ ಫಿನ್ನೇ ಮೂಗು ಅತ್ತಿತ್ತ ತಿರುಗದ ಹಾಗೆ ಹಿಡಿಯುತ್ತೆ. 1989ರಲ್ಲಿ ಮೊದಲ ಸಲ ಹಾರಿದ ಅಮೆರಿಕದ ಬಿ-2 ಬಾಂಬರ್‌ಗೆ ಫಿನ್ ಕೂಡ ಇಲ್ಲ, ಆದರೆ ಅದನ್ನು ತಿದ್ದುತ್ತಾ ಇರೋಕೆ ಒಳಗೆ ಕಂಪ್ಯೂಟರ್ ಇದೆ. ನನ್ನ ಹತ್ತಿರ ಇರೋದು ರಿಮೋಟ್ ಹೇಳಿದಷ್ಟೇ ತಿರುಗೋ ಎರಡು ಪುಟ್ಟ ಸರ್ವೋ ಮೋಟರ್.

ಫಿನ್ ನೆಟ್ಟಗೆ ನಿಂತರೂ ನಡೆಯುತ್ತೆ. ಆದರೆ ಹೊರಕ್ಕೆ ಸ್ವಲ್ಪ ವಾಲಿದರೆ ನೋಡೋಕೆ ಚೆಂದ, ರೆಕ್ಕೆ ಮಟ್ಟವಾಗಿರೋಕೂ ಒಂಚೂರು ಸಹಾಯ. ಸರಿ, ನೆಟ್ಟಗೆ ತೊಂಬತ್ತರ ಬದಲು ಅರವತ್ತು ಡಿಗ್ರಿ ಅಂತಾಯಿತು. ಮಹಾರಾಷ್ಟ್ರದಲ್ಲಿ 2018ರಲ್ಲಿ ಥರ್ಮಾಕೋಲ್ ಅಲಂಕಾರಕ್ಕೆ ನಿಷೇಧ ಬಿದ್ದ ಮೇಲೆ ಅಂಗಡಿಯವರು ಶೀಟ್ ಕೇಳಿದರೇ ಅನುಮಾನದಿಂದ ನೋಡುತ್ತಾರೆ. ಅದಕ್ಕೆ ಯಾವುದೋ ಕೋಚಿಂಗ್ ಕ್ಲಾಸ್‌ನವರು ಬಿಸಾಡಿದ್ದ ಜಾಹೀರಾತಿನ ಸನ್‌ಪ್ಯಾಕ್ ಬೋರ್ಡ್, ಆ ಹಗುರ ಪ್ಲಾಸ್ಟಿಕ್ ಹಲಗೆ, ತಂದೆ. ಅದರೊಳಗೆ ಸಾಲಾಗಿ ಕೊಳವೆಗಳಿರುತ್ತವಲ್ಲ, ಒಂದು ಕೊಳವೆಯ ಉದ್ದಕ್ಕೂ ಮೇಲಿನ ಪದರ ಮಾತ್ರ ಸೀಳಬೇಕು. ಬ್ಲೇಡ್ ಕೊಳವೆಯೊಳಗೆ ಇಳಿಯುವಾಗ ಟಿಕ್ ಅನ್ನುತ್ತೆ, ಅಷ್ಟಕ್ಕೇ ನಿಲ್ಲಿಸಬೇಕು. ಕೆಳಗಿನ ಪದರ ಬಾಗಿಲ ಕೀಲಿನ ಹಾಗೆ ಉಳಿಯುತ್ತೆ. ಬಗ್ಗಿಸಿ, ಬಾಯಿ ಬಿಟ್ಟ ಸಂದಿಗೆ ಗ್ಲೂ ಗನ್ ಹಿಡಿದು, ಆರುವವರೆಗೆ ಕೈ ಅಲ್ಲಾಡಿಸಬಾರದು, ಅಷ್ಟೇ.

ಬಲಗಡೆಯದು ಮಗಳ ಸೆಟ್ ಸ್ಕ್ವೇರ್ ಆನಿಸಿ ಸಲೀಸಾಗಿ ಆಯಿತು. ಅದರ ಮೇಲೆ "ಪ್ರವೇಶ ಸುರು" ಅಂತ ಮರಾಠಿಯಲ್ಲಿ. ಎಡಗಡೆಯದರ ಮೇಲೆ ಗಣಿತದ ಸರ್ ಅವರ ಮೀಸೆ ಬಂತು, ಮುಖ ಬರಲಿಲ್ಲ. ಅದಕ್ಕೆ ಅಂಟು ತುಂಬಿ ಹಿಡಿದು ಕೂತಿದ್ದೇನೆ, ಕಾಕಾ ಮನೆಯಿಂದ ರಸಮಟ್ಟ ಹಿಡಿದು ಬಂದರು. ಟೇಬಲ್ ಮೇಲಿಟ್ಟರು. ಗುಳ್ಳೆ ಒಂದು ಮೂಲೆಗೆ ಓಡಿತು.

"ಟೇಬಲ್ಲೇ ಸೊಟ್ಟ ಅದನೋ!"

"ಟೇಬಲ್ ಸರಿಯಾಗೇ ಇದೆ, ನೆಲ ಸೊಟ್ಟ," ಅಂತ ಒಳಗಿಂದ ನನ್ನ ಹೆಂಡತಿ. ಟೇಬಲ್ ಅವಳ ತವರಿನದು. ಕಾಕಾ ಬಿಡಲಿಲ್ಲ, ರಟ್ಟು ಮಡಚಿ ಕಾಲಿನ ಕೆಳಗೆ ತುರುಕಿ ಟೇಬಲ್ ಎತ್ತಿದರು. ಫಿನ್ ವಾಲಿತು. ಬಿಸಿ ಅಂಟು ಯಾರ ವಾದ ಮುಗಿಯಲಿ ಅಂತ ಕಾಯುತ್ತೆ ಹೇಳಿ? ಮೀಸೆ ಎಪ್ಪತ್ತೈದು ಡಿಗ್ರಿಗೆ ಗಟ್ಟಿಯಾಯಿತು.

ಭಾನುವಾರ ಪಿರಂಗುಟ್ ದಾಟಿ ಒಂದು ಬಯಲಿಗೆ ಹೋದೆವು, ಕಾಕಾ ಕೂಡ ಬಂದರು. ಎಸೆದ ಕೂಡಲೇ ಹಾರಿತು, ಆದರೆ ಒಂದೇ ಕಡೆಗೆ ಎಳೆತ. ಎಳೆತ ಸರಿಮಾಡೋಕೆ ರಿಮೋಟಿನ ಟ್ರಿಮ್ ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಸೋತು, ಕೊನೆಗೆ ದಡಬಡ ಇಳಿಯಿತು. ಎಡ ಫಿನ್ ಕಿತ್ತು ಹಾರಿ, ಆಚೆ ಕ್ರಿಕೆಟ್ ಆಡುತ್ತಿದ್ದವರ ಬೌಂಡರಿ ಹತ್ತಿರ ಬಿತ್ತು. ಒಬ್ಬ ಹುಡುಗ ಎತ್ತಿಕೊಂಡು ಬಂದ. ತಿರುಗಿಸಿ ನೋಡಿ, "ಅರೇ, ಹೇ ಆಮಚೇ ಸರ್!" ಅಂದ.

ನಾನು ಟೇಪ್ ಹುಡುಕುತ್ತಿದ್ದೆ. ಕಾಕಾ ಆಗಲೇ ಅವನನ್ನು ಪಕ್ಕಕ್ಕೆ ಕರೆದು ಕ್ಲಾಸಿನ ಫೀಸ್ ವಿಚಾರಿಸುತ್ತಿದ್ದರು, ಮೊಮ್ಮಗನಿಗಂತೆ.