ಹತ್ತಿಗೊಂದು ದಿನ ಕೊಟ್ಟರು, ಸರಿ. ಆಮೇಲೆ?

ಅಕ್ಟೋಬರ್ 7. ಬೆಳಿಗ್ಗೆ ಫೋನ್ ತೆಗೆದರೆ ‘ವಿಶ್ವ ಹತ್ತಿ ದಿನದ ಶುಭಾಶಯಗಳು’ ಅಂತ ಒಂದು ಪೋಸ್ಟರ್. ಬೊಗಸೆ ತುಂಬ ಹತ್ತಿ ಹಿಡಿದ ಎರಡು ಕಪ್ಪು ಕೈ. ಮುಖ ಇಲ್ಲ, ದೇಶದ ಹೆಸರಿಲ್ಲ. ಮೈಯೆಲ್ಲ ಉರಿದುಹೋಯ್ತು.

ಆ ಕೈ ಯಾರದ್ದಿರಬಹುದು ಅಂತ ನಾನು ಹೇಳ್ತೀನಿ. ಬುರ್ಕಿನಾ ಫಾಸೊ, ಮಾಲಿ, ಬೆನಿನ್, ಚಾಡ್: ಹತ್ತಿ ಬೆಳೆಯೋ ಆಫ್ರಿಕಾದ ನಾಲ್ಕು ಬಡ ದೇಶ. 2003ರ ಜೂನ್‌ನಲ್ಲಿ ಬುರ್ಕಿನಾದ ಅಧ್ಯಕ್ಷ ಬ್ಲೇಸ್ ಕಾಂಪೊರೆ ಖುದ್ದಾಗಿ ಜಿನೀವಾಕ್ಕೆ ಹೋಗಿ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಎದುರು ನಿಂತ. (ಅವನೇನು ಸಂತನಲ್ಲ. 27 ವರ್ಷ ಕುರ್ಚಿ ಬಿಡದೆ, 2014ರಲ್ಲಿ ಜನ ಬೀದಿಗಿಳಿದ ಮೇಲೆ ದೇಶ ಬಿಟ್ಟು ಓಡಿದವನು. ಆದರೆ ಅವತ್ತು ಆಡಿದ ಮಾತು ಸರಿಯಾಗಿತ್ತು.) ಕೇಳಿದ್ದು ಒಂದೇ ಬೆಳೆಯ ವಿಷಯ: ಶ್ರೀಮಂತ ದೇಶಗಳೇ, ಹತ್ತಿಗೆ ನೀವು ಕೊಡೋ ಸಬ್ಸಿಡಿಯಿಂದ ನಮ್ಮ ಹತ್ತಿಗೆ ಬೆಲೆ ಬಿದ್ದುಹೋಗ್ತಿದೆ, ಅದನ್ನ ನಿಲ್ಲಿಸಿ, ನಿಲ್ಲಿಸೋವರೆಗೆ ನಮ್ಮ ನಷ್ಟ ತುಂಬಿಕೊಡಿ. ಆಗ ಅಮೆರಿಕದಲ್ಲಿ ಹತ್ತಿ ಬೆಳೆಯೋರು ಸುಮಾರು 25,000 ಮಂದಿ, ಅವರಿಗೆ ಸರ್ಕಾರ ಸುರೀತಿದ್ದದ್ದು ವರ್ಷಕ್ಕೆ ನೂರಾರು ಕೋಟಿ ಡಾಲರ್. ಅಲ್ಲಿ ಯಂತ್ರ ಹತ್ತಿ ಬಿಡಿಸತ್ತೆ, ಆಫ್ರಿಕಾದಲ್ಲಿ ಬೆರಳು.

ಆ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊದ ಕಾನ್‌ಕೂನ್‌ನಲ್ಲಿ ನಡೆದ ಡಬ್ಲ್ಯುಟಿಒ ಸಚಿವರ ಸಭೆಯಲ್ಲಿ ಬಂದ ಕರಡು ಉತ್ತರ ಏನು ಗೊತ್ತಾ? ಹತ್ತಿಯನ್ನೇ ನಂಬಿರೋ ದೇಶಗಳ ಆರ್ಥಿಕತೆ ಬೇರೆ ಕಡೆಗೂ ಹೊರಳೋ ಹಾಗೆ ವಿಶ್ವಬ್ಯಾಂಕ್‌ನಂಥ ಸಂಸ್ಥೆಗಳ ಜತೆ ಮಾತಾಡೋಣ ಅಂತ. ಕಳ್ಳ ನುಗ್ಗಿದ್ದಾನೆ ಅಂದರೆ ‘ಮನೆ ಬದಲಾಯಿಸಿ, ಲಾರಿ ನಾವು ಕಳಿಸ್ತೀವಿ’ ಅಂದ ಹಾಗೆ. ಬದಲಾಯಿಸಿ ಹೋಗೋದೆಲ್ಲಿಗೆ? ಬುರ್ಕಿನಾ, ಮಾಲಿಗಳಲ್ಲಿ ಗೊಬ್ಬರ ಸಾಲ ಸಿಗೋದೇ ಹತ್ತಿ ಕಂಪನಿಯಿಂದ; ಅದೇ ಗೊಬ್ಬರದ ಋಣದಲ್ಲಿ ಮೆಕ್ಕೆಜೋಳವೂ ಏಳತ್ತೆ. ಹತ್ತಿ ಹೋದರೆ ಊಟವೂ ಹೋಯ್ತು.

2004ರಲ್ಲಿ ಇನ್ನೊಂದು ಮಾತು ಕೊಟ್ಟರು. ಹತ್ತಿಯ ವಿಷಯವನ್ನು ‘ಮಹತ್ವಾಕಾಂಕ್ಷೆಯಿಂದ, ತ್ವರಿತವಾಗಿ, ನಿರ್ದಿಷ್ಟವಾಗಿ’ ಬಗೆಹರಿಸ್ತಾರಂತೆ. ಮೂರು ಕ್ರಿಯಾವಿಶೇಷಣ, ಕ್ರಿಯಾಪದ ಮಾತ್ರ ನಾಪತ್ತೆ. ಹಾಂ, ರಫ್ತು ಸಬ್ಸಿಡಿ ತೆಗೆಯೋಕೆ 2005ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಒಪ್ಪಿದರು. ದೇಶದೊಳಗೆ ರೈತನಿಗೆ ಕೊಡೋ ದೊಡ್ಡ ಗಂಟು ಹಾಗೇ ಉಳೀತು.

‘ಅಮೆರಿಕದ ಹತ್ತಿ ಸಬ್ಸಿಡಿ ಮೇಲೆ ಬ್ರೆಜಿಲ್ ಡಬ್ಲ್ಯುಟಿಒದಲ್ಲಿ ಕೇಸು ಹಾಕಿ ಗೆಲ್ಲಲಿಲ್ವೇ, ಇವರಿಗೇನು ಧಾಡಿ?’ ಅಂತೀರಿ. ಗೆದ್ದಿತು, ನಿಜ. ಗೆದ್ದಮೇಲೆ ಅಮೆರಿಕ ಏನು ಮಾಡಿತು ಕೇಳಿ. ಸಬ್ಸಿಡಿ ನಿಲ್ಲಿಸೋ ಬದಲು ಬ್ರೆಜಿಲ್‌ನ ಹತ್ತಿ ಬೆಳೆಗಾರರಿಗೂ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡ್ತೀನಿ ಅಂತ 2010ರಲ್ಲಿ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಇನ್ನೂ 30 ಕೋಟಿ ಕೊಟ್ಟು ಕೈ ತೊಳೆದುಕೊಂಡಿತು. ಕೇಸು ಗೆದ್ದ ಬಲದಲ್ಲಿ ಬ್ರೆಜಿಲ್ ಅಮೆರಿಕದ ಸರಕಿನ ಮೇಲೆ ಸುಂಕ ಹೇರಿದರೆ ಅಲ್ಲಿ ಯಾರಿಗಾದರೂ ಬಿಸಿ ಮುಟ್ಟತ್ತೆ. ಬೆನಿನ್ ಹೇರಿದರೆ? ಅದೇ ಕೇಸಿನಲ್ಲಿ ಬೆನಿನ್, ಚಾಡ್ ಕೂಡ ಮೂರನೇ ಪಕ್ಷವಾಗಿ, ಅಂದರೆ ತಮ್ಮ ಅಹವಾಲು ಹೇಳೋಕೆ, ಕೂತಿದ್ದವು. ಒಪ್ಪಂದ ಆದದ್ದು ಮಾತ್ರ ಅಮೆರಿಕ, ಬ್ರೆಜಿಲ್ ಇಬ್ಬರ ನಡುವೆ.

ಇಷ್ಟೆಲ್ಲ ಕೂಗಾಡ್ತಿರೋ ನಾನೇನು ಮಾಡಿದೆ? ನನ್ನ ಹಳೇ ವಿದ್ಯಾರ್ಥಿಗಳು ಇಲ್ಲೇ ಇದ್ದೀರಿ, ನೆನಪಿರಬೇಕು. ‘ಅಭಿವೃದ್ಧಿಶೀಲ ದೇಶಗಳ ಹಟದಿಂದ ಕಾನ್‌ಕೂನ್ ಮಾತುಕತೆ ಮುರಿದುಬಿತ್ತು’ ಅಂತ ನೋಟ್ಸ್ ಬರೆಸಿದೆನಲ್ಲ, ಎರಡು ಅಂಕದ ಪ್ರಶ್ನೆ ಅಂತ. ಹತ್ತಿಯ ಹೆಸರೇ ಎತ್ತಲಿಲ್ಲ. ಹಾಗೆ ಬರೆದವರಿಗೆಲ್ಲ ಎರಡಕ್ಕೆರಡು ಕೊಟ್ಟೆ.

ಈ ದಿನವನ್ನು ಕೇಳಿದ್ದು ಆ ನಾಲ್ಕು ದೇಶಗಳೇ ಅಂತ ಕಾಮೆಂಟಿನಲ್ಲಿ ತಿದ್ದೋಕೆ ಬರಬೇಡಿ, ಗೊತ್ತು. 2019ರಲ್ಲಿ ಜಿನೀವಾದಲ್ಲೇ ಶುರುವಾದದ್ದು. ಹದಿನಾರು ವರ್ಷ ಬಾಗಿಲು ತಟ್ಟಿದ ಮೇಲೆ ಕೇಳಿದ ತಕ್ಷಣ ಸಿಕ್ಕಿದ್ದು ಇದೊಂದೇ. ಪೋಸ್ಟರ್ ಕಳಿಸಿದವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಎರಡು ಸಲ ಟೈಪ್ ಮಾಡಿ ಅಳಿಸಿದೆ.