ಅಬ್ಬಿ ನೀರು, ಬಚ್ಚಲೊಲೆಯ ಕೆಂಡ ಮತ್ತು ಸೋಡಿಯಂ

ತೀರ್ಥಹಳ್ಳಿ ಬಳಿಯ ನಮ್ಮ ಮನೆಯಲ್ಲಿ ಕಳೆದ ಮಳೆಗಾಲ ಐದು ದಿನ ಕರೆಂಟು ಇರಲಿಲ್ಲ. ಬಾವಿಯ ಪಂಪು ಸುಮ್ಮನಾಯಿತು. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಮಾತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ. ಅಣುಸ್ಥಾವರದ ಮಾತು ಬಂದಾಗಲೆಲ್ಲ ನಾನು ಕೇಳುವುದು ಇದನ್ನೇ: ಕರೆಂಟು ಹೋಗಿ, ಒಳಗಿರುವವರ ಕೈಯೂ ಕಟ್ಟಿದರೆ ಅದನ್ನು ತಣಿಸುವವರು ಯಾರು?

ಕಟ್ಟಿಗೆ ಹೊರಗೆಳೆದ ಮಾತ್ರಕ್ಕೆ ಬಚ್ಚಲ ಹಂಡೆ ತಣಿಯುವುದಿಲ್ಲ, ಒಲೆಯಲ್ಲಿ ಕೆಂಡ ಉಳಿದಿರುತ್ತದೆ. ರಿಯಾಕ್ಟರಿನಲ್ಲೂ ಹಾಗೆಯೇ. ವಿದಳನ, ಅಂದರೆ ಪರಮಾಣುಗಳು ಸರಪಳಿಯಂತೆ ಒಡೆದು ಶಾಖ ಕೊಡುವ ಕ್ರಿಯೆ, ನಿಂತ ಕೂಡಲೇ ಪೂರ್ಣ ಶಾಖದ ಶೇ. 6ರಷ್ಟು ಇನ್ನೂ ಹುಟ್ಟುತ್ತಿರುತ್ತದೆ. 2011ರಲ್ಲಿ ಫುಕುಶಿಮಾವನ್ನು ಸುಟ್ಟದ್ದು ಈ ಕೆಂಡ. ಭೂಕಂಪವಾದಾಗಲೇ ರಿಯಾಕ್ಟರುಗಳು ನಿಂತಿದ್ದವು. ಸುನಾಮಿ ಬಂದು ಡೀಸೆಲ್ ಜನರೇಟರುಗಳನ್ನು ಮುಳುಗಿಸಿದ ಮೇಲೆ ತಂಪು ನೀರು ಹರಿಯಲಿಲ್ಲ.

ಅಮೆರಿಕದ ಐಡಾಹೋದಲ್ಲಿ ಇಬಿಆರ್-2 ಎಂಬ ಸೋಡಿಯಂ ರಿಯಾಕ್ಟರ್ ಇತ್ತು. ಅದರೊಳಗಿನ ಶಾಖ ಒಯ್ಯುತ್ತಿದ್ದದ್ದು ನೀರಲ್ಲ, ಕರಗಿದ ಸೋಡಿಯಂ ಲೋಹ. 1986ರ ಏಪ್ರಿಲ್ 3ರಂದು ಅದನ್ನು ಪೂರ್ಣ ಶಕ್ತಿಯಲ್ಲಿ ಓಡಿಸಿ, ಸರಪಳಿ ಕ್ರಿಯೆಯನ್ನು ನಿಲ್ಲಿಸುವ ನಿಯಂತ್ರಣ ಸರಳುಗಳು ತಾವಾಗಿ ಬೀಳದಂತೆ ತಡೆದು, ಪಂಪುಗಳನ್ನೇ ನಿಲ್ಲಿಸಿದರು. ಬಿಸಿ ಏರಿತು, ಲೋಹ ಹಿಗ್ಗಿತು, ಪರಮಾಣುಗಳನ್ನು ಒಡೆಯುವ ನ್ಯೂಟ್ರಾನುಗಳು ಹೆಚ್ಚು ಹೆಚ್ಚು ಸೋರಿಹೋಗಿ ಸರಪಳಿ ಕ್ರಿಯೆ ತಾನೇ ಕುಸಿಯಿತು. ಬಿಸಿ ಸೋಡಿಯಂ ಮೇಲೇರಿ, ತಣಿದದ್ದು ಕೆಳಗಿಳಿದು, ಉಳಿದ ಕೆಂಡವನ್ನು ಆರಿಸಿತು. ಅದೇ ದಿನ ಶಾಖ ಹೊರಹೋಗುವ ದಾರಿಯನ್ನೇ ಮುಚ್ಚಿ ಇನ್ನೊಮ್ಮೆ ಪರೀಕ್ಷಿಸಿದರು; ಆಗಲೂ ಸರಪಳಿ ಕ್ರಿಯೆ ತಾನಾಗಿಯೇ ಕುಸಿಯಿತು. ಇಪ್ಪತ್ಮೂರು ದಿನಗಳ ನಂತರ ಚೆರ್ನೋಬಿಲ್ ಸಿಡಿಯಿತು. ಜಗತ್ತಿನ ನೆನಪಿನಲ್ಲಿ ಉಳಿದದ್ದು ಅದೊಂದೇ ಎಂಬುದು ನನಗೆ ಇಂದಿಗೂ ಸಂಕಟದ ವಿಷಯ.

ಸೋಡಿಯಂ ಕುದಿಯುವುದು ಸುಮಾರು 883 ಡಿಗ್ರಿಯಲ್ಲಿ. ಆದ್ದರಿಂದ ಅದನ್ನು ಭಾರೀ ಒತ್ತಡದಲ್ಲಿ ಹಿಡಿದಿಡಬೇಕಿಲ್ಲ. ಆದರೆ ಗಾಳಿ ತಗುಲಿದರೆ ಉರಿಯುತ್ತದೆ, ನೀರು ಸೋಕಿದರೆ ಸಿಡಿಯುತ್ತದೆ. 1995ರಲ್ಲಿ ಜಪಾನಿನ ಮೊಂಜು ರಿಯಾಕ್ಟರಿನಲ್ಲಿ ಸೋಡಿಯಂ ಸೋರಿ ಬೆಂಕಿ ಹೊತ್ತಿತ್ತು.

ತಮಿಳುನಾಡಿನ ಕಲ್ಪಾಕ್ಕಂನ 500 ಮೆಗಾವಾಟ್ ಸೋಡಿಯಂ ರಿಯಾಕ್ಟರಿನಲ್ಲಿ ಕೆಂಡದ ಶಾಖವನ್ನು ಪಂಪಿಲ್ಲದೆ, ಸೋಡಿಯಂನ ಸಹಜ ಹರಿವಿನಿಂದಲೇ ಗಾಳಿಗೆ ಬಿಡುವ ನಾಲ್ಕು ಸುತ್ತುಗಳಿವೆ. ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಐಡಾಹೋದ ಫಲಿತಾಂಶವನ್ನು ತಂದು ಅದಕ್ಕೆ ಅಂಟಿಸುವುದನ್ನು ಒಪ್ಪಲಾರೆ. ಅಲ್ಲಿದ್ದದ್ದು ಲೋಹದ ಇಂಧನ, ಇಲ್ಲಿರುವುದು ಆಕ್ಸೈಡ್. ಆಕ್ಸೈಡ್ ತನ್ನೊಳಗೆ ಬಹಳ ಬಿಸಿ ಹಿಡಿದಿರುತ್ತದೆ. ಅದು ತಣಿಯುವಾಗ ಸರಪಳಿ ಕ್ರಿಯೆಗೆ ಮತ್ತೆ ಬಲ ಬರುತ್ತದೆ. ಹಾಗಾಗಿ ಇಲ್ಲಿ ಸರಳುಗಳು ಬೀಳಲೇಬೇಕು. ಅದಕ್ಕೆಂದೇ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಗೆಯ ಸರಳುಗಳನ್ನು ಇಟ್ಟಿದ್ದಾರೆ.

ನಮ್ಮ ಘಟ್ಟದಲ್ಲೇ ಇರುವ ಕೈಗಾದ 5 ಮತ್ತು 6ನೇ ಘಟಕಗಳಲ್ಲಿ ಶಾಖ ಒಯ್ಯುವುದು ಸೋಡಿಯಂ ಅಲ್ಲ, ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು. ಅವುಗಳ ವಿನ್ಯಾಸದಲ್ಲಿಯೂ ಪಂಪಿಲ್ಲದೆ ತಣಿಸುವ ತೊಟ್ಟಿಯ ವ್ಯವಸ್ಥೆ ಇದೆ. ಆ ತೊಟ್ಟಿಯ ನೀರು ಎಷ್ಟು ಗಂಟೆ ಬರುತ್ತದೆ, ಆಮೇಲೆ ತುಂಬಿಸುವವರು ಯಾರು? ಮುಂದಿನ ಸಾರ್ವಜನಿಕ ಸಭೆಯಲ್ಲಿ ಇದನ್ನು ಎದ್ದು ನಿಂತು ಕೇಳಲಿದ್ದೇನೆ.